ಕೆರೆ ಏರಿಯ ‘ಪೈಪಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಹಳೆಯ ಮಣ್ಣಿನ ಅಣೆಕಟ್ಟುಗಳ ದುರಸ್ತಿ ಬಗ್ಗೆ ಊರವರಿಗೆ ಹಂಚಲು ನಾಲ್ಕು ಪುಟದ ಕೈಪಿಡಿ ಮಾಡುತ್ತಿದ್ದೇನೆ. ಕೈಗೆ ಸಿಕ್ಕ ಹಳೆ ಕರಡಿನಲ್ಲಿ ‘ಪೈಪಿಂಗ್’ ಅನ್ನೋದಕ್ಕೆ ‘ಕೊಳವೆ ಅಳವಡಿಕೆ’ ಅಂತಿತ್ತು. ಓದಿದವರು ಏರಿಗೆ ಪೈಪು ಹಾಕುತ್ತಾರೆ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಅದು ಏರಿ ಒಡೆಯುವ ರೀತಿ. ಒಳಗೆ ಹರಿಯುವ ನೀರು ಮಣ್ಣನ್ನು ಕಣಕಣವಾಗಿ ಹೊತ್ತು ಹೊರಗೆ ಹಾಕುತ್ತದೆ, ಖಾಲಿಯಾದ ಜಾಗ ಕೆರೆಯ ಕಡೆಗೆ ಬೆಳೆಯುತ್ತ ಹೋಗಿ ಕೊನೆಗೆ ಉದ್ದದ ಬಿಲವಾಗುತ್ತದೆ. ಅಮೆರಿಕದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು ಹೋಗಿದ್ದು ಹೀಗೇ. ಬೆಳಿಗ್ಗೆ ರಾಡಿ ನೀರು ಕಂಡಿತು, ಮಧ್ಯಾಹ್ನದ ಹೊತ್ತಿಗೆ ಅಣೆಕಟ್ಟು ಒಡೆದಿತ್ತು.

ನಾವು ಎಲ್ಲಕ್ಕೂ ‘ಸೋರಿಕೆ’ ಅಂದುಬಿಡುತ್ತೇವೆ. ಅದು ಸಾಲದು. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ನೀರು ಒಸರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆ ನೀರು ತಿಳಿಯಾಗಿದೆಯಾ, ಮಣ್ಣು ತರುತ್ತಿದೆಯಾ ಅನ್ನೋದೇ ಮುಖ್ಯ. ಹೋದ ಮಳೆಗಾಲದಲ್ಲಿ ನಮ್ಮ ಕೆರೆ ಏರಿಯ ಬುಡದಲ್ಲಿ ಒಬ್ಬ ಹಿರಿಯ ಇಂಜಿನಿಯರ್ ಒಸರುವ ನೀರನ್ನು ಗಾಜಿನ ಲೋಟಕ್ಕೆ ಹಿಡಿದು ಕಲ್ಲಿನ ಮೇಲಿಟ್ಟು ಕಾದರು. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪಗೆ ಒಂದು ಗೆರೆ ಕೂತಿತು. ಕೂಡಲೇ ತೂಬು ಎತ್ತಿಸಿ ನೀರು ಇಳಿಸಲು ಹೇಳಿದರು. ನಮ್ಮ ಹುಡುಗರು ಜಿಗಟು ಮಣ್ಣು ತಂದು ತೂತು ಮುಚ್ಚಲು ಹೊರಟಿದ್ದರು. ಅವರು ಬೇಡವೆಂದರು, ಇಲ್ಲಿ ಮುಚ್ಚಿದರೆ ಒತ್ತಡ ಜಾಸ್ತಿಯಾಗಿ ಇನ್ನೊಂದು ಕಡೆ ಕಿತ್ತುಕೊಂಡು ಬರುತ್ತದಂತೆ. ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಭಾರಕ್ಕೆ ಕಲ್ಲು ಹಾಕಿಸಿದರು. ನೀರು ಹೊರಗೆ ಬರಬೇಕು, ಮಣ್ಣು ಒಳಗೇ ನಿಲ್ಲಬೇಕು.

ಈ ‘ಫಿಲ್ಟರ್’ಗೆ ಕರಡಿನಲ್ಲಿದ್ದ ‘ಶೋಧಕ’ ತೆಗೆದು ‘ಸೋಸುಪದರ’ ಅಂತ ಹಾಕಿದ್ದೇನೆ. ಚಹಾ ಸೋಸುವ ಎಲ್ಲರಿಗೂ ಅರ್ಥವಾಗುತ್ತದೆ. ನೀರು ಒಸರದಂತೆ ಏರಿಯ ನಡುವೆ ಆಳಕ್ಕೆ ಇಳಿಸುವ ‘ಕಟಾಫ್ ವಾಲ್’ಗೆ ‘ತಡೆಗೋಡೆ’ ಬೇಡ ಅನ್ನಿಸಿತು, ಕಾರವಾರದಲ್ಲಿ ಹಾಗಂದರೆ ಸಮುದ್ರದ ದಂಡೆಯ ಕಲ್ಲಿನ ಗೋಡೆ. ಸದ್ಯಕ್ಕೆ ‘ಒಳಗೋಡೆ’ ಅಂದಿದ್ದೇನೆ.

ಇನ್ನು ಕರಡಿನ ತಲೆಬರಹ, ‘ಅಣೆಕಟ್ಟೆಯ ಪುನರ್ವಸತಿ’! ಅಣೆಕಟ್ಟಿನ ನೀರಿನಲ್ಲಿ ಸೂಪಾ ಊರು ಮುಳುಗಿ ರಾಮನಗರಕ್ಕೆ ಬಂದ ಮನೆಗಳಿರುವ ಜಿಲ್ಲೆ ಇದು. ಇಲ್ಲಿ ಆ ಪದ ಕೇಳಿದರೆ ಜನ ಮತ್ತೆ ಎಬ್ಬಿಸುತ್ತಾರೇನೋ ಅಂತ ಹೆದರುತ್ತಾರೆ. ‘ದುರಸ್ತಿ ಮತ್ತು ಬಲಪಡಿಸುವಿಕೆ’ ಅಂತ ಬದಲಿಸಿದೆ. ಉದ್ದವಾಯಿತು, ಇರಲಿ.

‘ಪೈಪಿಂಗ್’ಗೆ ನನಗೆ ಹೊಳೆದಿದ್ದು ‘ಒಳಕೊರೆತ’. ಕಡಲ್ಕೊರೆತ ಕರಾವಳಿಯಲ್ಲಿ ಮಕ್ಕಳಿಗೂ ಗೊತ್ತು, ಹಾಗಾಗಿ ಇದು ಸುಲಭವಾಗಿ ಹತ್ತುತ್ತದೆ. ‘ಒಳಗೊರೆತ’ ಅನ್ನಬೇಕಾ? ಕುಮಟಾ, ಅಂಕೋಲಾ ಕಡೆ ಉಪ್ಪುನೀರು ನುಗ್ಗುವ ತಗ್ಗಿನ ಗಜನಿ ಗದ್ದೆಗಳ ಒಡ್ಡು ಕಾಯುವವರು ಏಡಿ ಬಿಲದಿಂದ ನೀರು ನುಗ್ಗಿ ಒಡ್ಡು ಒಳಗೊಳಗೇ ಟೊಳ್ಳಾಗುವುದಕ್ಕೆ ಏನನ್ನುತ್ತಾರೆ? ಅವರದೇ ಪದ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ. ಮನೆಯ ಹಿರಿಯರನ್ನು ಕೇಳಿ ತಿಳಿಸಿ, ಮಳೆ ಶುರುವಾಗುವ ಮೊದಲು ಅಚ್ಚಿಗೆ ಕೊಡಬೇಕು.