ಅಪ್‌ಡೇಟ್: ತುಟಿ ಊದಿದ ನಮ್ಮ ಕುರಿಗಳ ವಿಷಯ

ಬಾದಾಮಿ ಹತ್ತಿರದ ನಮ್ಮ ಹಿಂಡಿನಲ್ಲಿ ನಾಲ್ಕು ಕುರಿಗಳ ತುಟಿ ಊದಿದೆ, ಜೊಲ್ಲು ಸುರಿಯುತ್ತಿದೆ, ಕುಂಟುತ್ತಿವೆ, ಪಿಪಿಆರ್ (ಕುರಿ-ಮೇಕೆಗಳಿಗೆ ಬರುವ ಅಂಟುರೋಗ) ಇರಬಹುದಾ ಅಂತ ಕೇಳಿದ್ದೆ. ತಡಮಾಡದೆ ಪಶುವೈದ್ಯರನ್ನು ಕರೆಸಿ ಎಂದವರಿಗೆ ತುಂಬಾ ಥ್ಯಾಂಕ್ಸ್.

ಪಿಪಿಆರ್ ಅಲ್ಲ, ನೀಲಿ ನಾಲಿಗೆ ರೋಗ. ಡಾಕ್ಟರ್ ಬಾಯಿಗಿಂತ ಮೊದಲು ಕಾಲು ಎತ್ತಿ ನೋಡಿದರು. ಗೊರಸಿನ ಮೇಲೆ, ಕೂದಲು ಶುರುವಾಗುವಲ್ಲಿ, ಬಳೆ ತೊಡಿಸಿದ ಹಾಗೆ ಕೆಂಪು ಪಟ್ಟಿ ಇತ್ತು. ರಕ್ತ ಪರೀಕ್ಷೆಯಲ್ಲೂ ಅದೇ ಬಂತು.

ಪಿಪಿಆರ್ ಥರ ಇದು ಒಂದರ ಉಸಿರು ಇನ್ನೊಂದಕ್ಕೆ ತಾಗಿ ಹರಡಲ್ಲ. ಸಣ್ಣ ನುಸಿ ಕಚ್ಚಿ ಹರಡುತ್ತದೆ. ಕೆಸರು, ಒದ್ದೆ ಸಗಣಿ ಇದ್ದಲ್ಲಿ ಅವು ಜಾಸ್ತಿ. ನಾವು ಕುರಿ ತರುಬುತ್ತಿದ್ದದ್ದು ಮಲಪ್ರಭೆ ದಂಡೆಯ ಜವುಗಿನಲ್ಲೇ! ಈಗ ಎತ್ತರದ ಒಣ ಜಾಗಕ್ಕೆ ಬಂದಿದ್ದೇವೆ. ಕತ್ತಲಾಗುವ ಮುಂಚೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ.

ಒಂದು ಗಬ್ಬದ ಕುರಿ ಉಳಿಯಲಿಲ್ಲ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಉಳಿದ ಮೂರಕ್ಕೆ ಬಾಯಿ ತೊಳೆದು, ಗ್ಲಿಸರಿನ್ ಹಚ್ಚಿ, ತೆಳು ಗಂಜಿ ಸ್ವಲ್ಪ ಸ್ವಲ್ಪವೇ ಕುಡಿಸಿದಳು. ನಾಲಿಗೆ ಊದಿದಾಗ ಗಡಿಬಿಡಿಯಲ್ಲಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಜೋಪಾನ.

ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆಯೇ ನೀಲಿ ನಾಲಿಗೆ ರೋಗದ ಲಸಿಕೆ, 4 ವಾರ ಬಿಟ್ಟು ಬೂಸ್ಟರ್. ಪಿಪಿಆರ್ ಲಸಿಕೆ ಬೇರೆ, ಅದನ್ನು ಒಮ್ಮೆ ಹಾಕಿಸಿದರೆ ಸುಮಾರು 3 ವರ್ಷ ಕಾಯುತ್ತದೆ. ಸಂತೆಯಿಂದ ತಂದ ಟಗರನ್ನು ಈಗ 3 ವಾರ ಬೇರೆ ಕಟ್ಟುತ್ತೇವೆ. ನಿನ್ನೆ ಮೂರೂ ತಾವೇ ಮೇಯಲು ಹೋದವು.