ಬಸ್ಸಿನಲ್ಲೇ ರಂಗನತಿಟ್ಟು: ಒಂದು ದಿನ ಸಾಕಾ?

ಪ್ರಶ್ನೆ: ಮೈಸೂರಿನಿಂದ ಸ್ವಂತ ಗಾಡಿ ಇಲ್ಲದೆ, ಅವಸರ ಇಲ್ಲದೆ ರಂಗನತಿಟ್ಟು ಪಕ್ಷಿಧಾಮ ನೋಡಿ ಬರಬಹುದಾ? ಜೊತೆಗೆ ಅಮ್ಮ ಇರ್ತಾರೆ. ಯಾವ ತಿಂಗಳು ಒಳ್ಳೇದು?

ಉತ್ತರ 1: ಧಾರಾಳವಾಗಿ. ಸಿಟಿ ಬಸ್ ಸ್ಟ್ಯಾಂಡಿನಿಂದ ಶ್ರೀರಂಗಪಟ್ಟಣದ ಬಸ್ ಹತ್ತಿ. ಅಲ್ಲಿಂದ ಗೇಟಿಗೆ ಸುಮಾರು 4 ಕಿ.ಮೀ. ಆಟೋದವರ ಹತ್ರ ಹೋಗಿಬರೋದಕ್ಕೆ ಸೇರಿಸಿಯೇ ಮಾತಾಡಿ. ವಾಪಸ್ ಬರುವಾಗ ಗೇಟಿನ ಹತ್ತಿರ ಆಟೋ ಸಿಗೋದು ಖಾತ್ರಿ ಇಲ್ಲ. ಬೆಳಿಗ್ಗೆ ಹೋದ ತಕ್ಷಣ ದೋಣಿ ಹತ್ತಿ, ನಡೆದಾಟ ಆಮೇಲೆ. ಹೊತ್ತೇರಿದರೆ ಬಿಸಿಲು, ಭಾನುವಾರವಾದರೆ ಸಾಲು ಬೇರೆ. ಹಕ್ಕಿಗಳಿರೋ ತಿಟ್ಟುಗಳ (ನದಿ ನಡುವಿನ ಪುಟ್ಟ ದ್ವೀಪಗಳ) ಮೇಲೆ ಇಳಿಸೋದಿಲ್ಲ, ಪಕ್ಕದಲ್ಲೇ ಸುತ್ತಿಸ್ತಾರೆ. ಬಂಡೆ ಮೇಲೆ ಮರದ ತುಂಡಿನ ಹಾಗೆ ಬಿದ್ದಿರೋದು ಮೊಸಳೆ, ಕೈ ನೀರಿಗಿಳಿಸಬೇಡಿ.

ಉತ್ತರ 2: ಜನವರಿಯಿಂದ ಮೇ ಒಳ್ಳೇದು. ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ ಗೂಡು ಕಟ್ಟಿರ್ತವೆ. ಬೇಸಿಗೆಯಲ್ಲಿ ರೀವ ಹಕ್ಕಿ (ರಿವರ್ ಟರ್ನ್) ಬರೀ ಬಂಡೆ ಮೇಲೇ ಮೊಟ್ಟೆ ಇಡುತ್ತೆ, ಗಮನಿಸಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಹೆಚ್ಚು ಬಿಟ್ಟರೆ ದೋಣಿ ನಿಲ್ಲಿಸ್ತಾರೆ, ಕೆಳಗಿನ ಗೂಡುಗಳೂ ಮುಳುಗ್ತವೆ. ಜುಲೈ, ಆಗಸ್ಟಲ್ಲಿ ಹೊರಡೋ ಮುಂಚೆ ಅಣೆಕಟ್ಟೆಯ ಸುದ್ದಿ ನೋಡಿ.

ಉತ್ತರ 3: ಕ್ಯಾಮೆರಾ ಇದ್ದರೆ 300 ಎಂಎಂ ಲೆನ್ಸ್ ಸಾಕು, ದೋಣಿ ಅಷ್ಟು ಹತ್ತಿರ ಹೋಗುತ್ತೆ. ದೋಣಿಯ ಅಲುಗಾಟಕ್ಕೆ ಚಿತ್ರ ಮಸುಕಾಗದ ಹಾಗೆ ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಅಂದಹಾಗೆ, ಇದು 1940ರಲ್ಲಿ ಪಕ್ಷಿಧಾಮವಾಗಿದ್ದು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ. 2022ರಲ್ಲಿ ರಾಮ್ಸಾರ್ ಪಟ್ಟಿಗೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಅಮ್ಮನಿಗೆ ಟೋಪಿ, ನೀರು ಮರೀಬೇಡಿ.