ಆತ್ಮಹತ್ಯೆ ತಡೆಯ ಕಾನೂನು: ಸಿದ್ದಿ ಕೇರಿಯಲ್ಲಿ ಅಭಿಪ್ರಾಯ ಕೇಳುವುದು ಹೇಗೆ?

ಪ್ರಶ್ನೆ: ಆಶಾ ಕಾರ್ಯಕರ್ತೆ, ಯಲ್ಲಾಪುರ

ನಮಸ್ಕಾರ. ಕಾಡಂಚಿನ ಊರುಗಳಲ್ಲಿ ಹನ್ನೊಂದು ವರ್ಷಗಳಿಂದ ಆಶಾ ಕೆಲಸ ಮಾಡುತ್ತಿದ್ದೇನೆ. ಆತ್ಮಹತ್ಯೆ ತಡೆಯಲು ಕಾನೂನಿನಲ್ಲಿ ಏನಿರಬೇಕು ಎಂದು ಬುಡಕಟ್ಟು ಜನರನ್ನು ಕೇಳಿ ಬರೆದು ಕಳಿಸಿ ಎಂಬ ಸೂಚನೆ ಬಂತು. ಕಳೆದ ಬುಧವಾರ ಅಂಗನವಾಡಿಯಲ್ಲಿ ಸಭೆ ಸೇರಿಸಿದೆವು. ಬಂದಿದ್ದ ಅಧಿಕಾರಿ ಮುಕ್ಕಾಲು ಗಂಟೆ ಕಾಗದ ನೋಡಿ ಓದಿದರು. ಇಲ್ಲಿನವರು ಆಫ್ರಿಕಾ ಮೂಲದ ಸಿದ್ದಿ ಬುಡಕಟ್ಟಿನವರು, ಮನೆಯಲ್ಲಿ ಆಡುವುದು ಕೊಂಕಣಿ; ಅವರ ಮುಂದೆ ಕಚೇರಿಯ ಕನ್ನಡ. ಯಾರೂ ತುಟಿ ಬಿಚ್ಚಲಿಲ್ಲ. ‘ಎಲ್ಲರ ಸಹಮತವಿದೆ’ ಎಂದು ನಡಾವಳಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಎಲ್ಲರೂ ಹೋದ ಮೇಲೆ ಒಬ್ಬ ತಾಯಿ ಉಳಿದರು. ಚಹಾ ಲೋಟ ತೊಳೆಯಲು ನನ್ನ ಜೊತೆ ಹಿತ್ತಿಲಿಗೆ ಬಂದರು. ಒಂದೇ ಲೋಟವನ್ನು ಮೂರು ಸಲ ತೊಳೆದರು. ಆಮೇಲೆ ಕೇಳಿದರು: “ಅಕ್ಕಾ, ಜೀವ ಕಳೆದುಕೊಳ್ಳಲು ಹೋದ ಮಗ ಬದುಕಿ ಉಳಿದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರಾ?” ಎರಡು ವರ್ಷದ ಹಿಂದೆ ಈ ಭಯಕ್ಕೇ ಮಗನನ್ನು ಆಸ್ಪತ್ರೆಗೆ ಒಯ್ಯಲಿಲ್ಲವಂತೆ. ಹುಡುಗ ಉಳಿದುಕೊಂಡ, ದೇವರು ದೊಡ್ಡವನು. ವಾರಕ್ಕೊಮ್ಮೆ ಆ ಕೇರಿಗೆ ಹೋಗುವ ನನಗೇ ಇದು ಗೊತ್ತಿರಲಿಲ್ಲ. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಆ ನಡಾವಳಿಯನ್ನು ಹಾಗೇ ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ಇನ್ನು ಹತ್ತು ದಿನವಿದೆ. ಆ ತಾಯಿಗೆ ಏನು ಹೇಳಲಿ? ಉಳಿದವರನ್ನು ಹೇಗೆ ಕೇಳಲಿ?

ಉತ್ತರ: ವಕೀಲ, ಶಿರಸಿ

ಮೊದಲು ತಾಯಿಯ ಪ್ರಶ್ನೆ. ಇಲ್ಲ, ಹಿಡಿದುಕೊಂಡು ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಆರೈಕೆ, ಚಿಕಿತ್ಸೆ, ಪುನರ್ವಸತಿ ಸರ್ಕಾರದ ಹೊಣೆ. ಇದನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಅಡ್ಡಿಪಡಿಸಲು ಹಾಗೆ ಮಾಡಿದರೆ ಮಾತ್ರ ಹೊಸ ಸಂಹಿತೆಯ 226ನೇ ಕಲಂ ಇದೆ, ಅದು ಬೇರೆ ಮಾತು. ಆದರೆ ಆಸ್ಪತ್ರೆಯವರು ಠಾಣೆಗೆ ತಿಳಿಸಬಹುದು, ಹೇಳಿಕೆ ಪಡೆಯಲು ಪೊಲೀಸರು ಬರಬಹುದು. ಇದನ್ನು ಮುಚ್ಚಿಡಬೇಡಿ. ಮುಂದೊಂದು ದಿನ ಖಾಕಿ ಕಂಡರೆ ನಿಮ್ಮ ಮೇಲಿನ ನಂಬಿಕೆಯೇ ಹೋದೀತು.

ಇನ್ನು ಉಳಿದವರನ್ನು ಕೇಳುವ ಮಾತು. ಕೆನಡಾದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ರಾಷ್ಟ್ರೀಯ ಸಂಘಟನೆ 2016ರಲ್ಲಿ ಆತ್ಮಹತ್ಯೆ ತಡೆಯ ಕಾರ್ಯತಂತ್ರವನ್ನು ತಾನೇ ಬರೆಯಿತು. ಅದರಲ್ಲಿ ಮೊದಲ ಆದ್ಯತೆ ಸಾಮಾಜಿಕ ಸಮಾನತೆಗೆ. ಮಾನಸಿಕ ಚಿಕಿತ್ಸೆ ಆಮೇಲೆ ಬರುತ್ತದೆ. ಬರೆಯುವವರು ಯಾರು ಎಂಬುದರ ಮೇಲೆ ಏನು ಮೊದಲು ಬರುತ್ತದೆ ಎಂಬುದೂ ನಿಂತಿದೆ. ನಮ್ಮಲ್ಲಿ, ಬುಡಕಟ್ಟು ಜನರ ಅನುಸೂಚಿತ ಪ್ರದೇಶಗಳಲ್ಲಿ ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯ ಬಲವೂ ಇಲ್ಲ, ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೇ ಇಲ್ಲವಲ್ಲ.

ಉತ್ತರ: ಹಾಲಕ್ಕಿ ಮನೆಯವಳು, ಅಂಕೋಲಾ

ತಂಗಿ, ನಿಮ್ಮಲ್ಲಿ ಕೇಳುವ ಶಾಸ್ತ್ರವಾದರೂ ಆಯಿತು. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ನಾವು ಹಾಲಕ್ಕಿ ಒಕ್ಕಲಿಗರು ಆ ಪಟ್ಟಿಗೆ ಸೇರಿಸಿ ಎಂದು ಇನ್ನೂ ಬೇಡಿಕೆ ಇಡುತ್ತಲೇ ಇದ್ದೇವೆ. ಪಟ್ಟಿ ಹಿಡಿದು ಕೇಳಲು ಹೊರಟವರಿಗೆ ನಮ್ಮ ಕೊಪ್ಪ, ಅಂದರೆ ನಮ್ಮ ಕೇರಿ, ಕಾಣುವುದಿಲ್ಲ. ಊರಗೌಡರನ್ನು ಕೇಳಿದರೆ ಗಂಡಸರ ಮಾತು ಸಿಗುತ್ತದೆ. ಅದು ಬೇಕು, ಆದರೆ ಸಾಲದು. ಕುಡಿತದ ವಿಷಯ ಹೆಂಗಸರೇ ಹೇಳಬೇಕು. ನಮ್ಮ ಸುಕ್ರಜ್ಜಿ, ಪದ್ಮಶ್ರೀ ಸುಕ್ರಿ ಬೊಮ್ಮಗೌಡ, ಸಾರಾಯಿ ವಿರುದ್ಧ ಎದ್ದು ನಿಂತದ್ದು ಯಾವ ಸುತ್ತೋಲೆ ಬಂದ ಮೇಲೂ ಅಲ್ಲ. ಹೆಂಗಸರನ್ನು ಬೇರೆಯಾಗಿ ಕೂರಿಸಿ, ಕೈಗೆ ಕೆಲಸವಿರುವಾಗ ಮಾತನಾಡಿಸಿ. ನಿಮ್ಮ ಲೋಟ ತೊಳೆದ ತಾಯಿಯನ್ನೇ ನೋಡಿ.

ಉತ್ತರ: ಸಿದ್ದಿ ಯುವಕ, ಹಳಿಯಾಳ

ಅಕ್ಕಾ, ‘ಆತ್ಮಹತ್ಯೆ’ ಎಂಬ ಪದದಿಂದ ಶುರು ಮಾಡಬೇಡಿ. ಸಾಲದ ವಾರದ ಕಂತು ಹೇಗೆ ಕಟ್ಟುತ್ತೀರಿ ಎಂದು ಕೇಳಿ. ಅರಣ್ಯ ಹಕ್ಕಿನ ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು, ಎಲ್ಲರಿಗೂ ಹೇಳಿ. ಆದರೆ ನಮ್ಮ ಕೇರಿಯಲ್ಲಿ ಸಿಗ್ನಲ್‌ಗೆ ಗುಡ್ಡ ಹತ್ತಬೇಕು, ಅದನ್ನೂ ವರದಿಯಲ್ಲಿ ಬರೆಯಿರಿ. ಬರೆದದ್ದನ್ನು ಕಳಿಸುವ ಮೊದಲು ಕೊಂಕಣಿಯಲ್ಲಿ ಓದಿ ಕೇಳಿಸಿ. ನಾನು ಕಂಡಂತೆ ನಮ್ಮ ಮಾತು ಬರೆದುಕೊಂಡು ಹೋದವರು ಯಾರೂ ಹಿಂದಿರುಗಿ ಬಂದು ಓದಿ ಹೇಳಿಲ್ಲ.

ಪ್ರಶ್ನೆ ಕೇಳಿದವರಿಂದ

ಭಾನುವಾರ ಆ ತಾಯಿಯ ಮನೆಗೆ ಹೋದೆ. ಪೊಲೀಸರ ವಿಷಯವನ್ನು ವಕೀಲರು ಹೇಳಿದ ಹಾಗೆಯೇ, ಏನೂ ಮುಚ್ಚಿಡದೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಪಕ್ಕದ ಮನೆಯ ಇಬ್ಬರನ್ನು ಅವರೇ ಕರೆದು ಕೂರಿಸಿದರು. ವರದಿಯನ್ನು ಹೊಸದಾಗಿ ಬರೆದೆ. ಅವರ ಪ್ರಶ್ನೆಯೇ ಅದರ ಮೊದಲ ಸಾಲು, ಹೆಸರು ಹಾಕಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಅದನ್ನು ಕೊಂಕಣಿಯಲ್ಲಿ ಹೇಳಿದಳು. ತಾಯಿ ಎರಡು ಸಲ ಕೇಳಿಸಿಕೊಂಡು, “ರಾತ್ರಿ ಆಸ್ಪತ್ರೆಗೆ ಹೋಗಲು ಗಾಡಿ ಸಿಗುವುದಿಲ್ಲ, ಅದನ್ನೂ ಬರೆ” ಎಂದರು. ಬರೆದೆ.